ಮಳೆ ಬಿಟ್ಟಿತು, ಅಂಗಳಕ್ಕೆ ಬನ್ನಿ: ಹಿರಿಯರ ನಿಲಯದಲ್ಲಿ ಶರತ್ಕಾಲವನ್ನು ಕಳೆಯುವುದು ಹೇಗೆ?

ಕೊಡಗಿನಲ್ಲಿ ಜೂನ್ ತಿಂಗಳಲ್ಲಿ ಮುಚ್ಚಿದ ಕಿಟಕಿ ಮನಸ್ಸು ಬಿಚ್ಚಿ ತೆರೆದುಕೊಳ್ಳುವುದು ಸೆಪ್ಟೆಂಬರ್ ಕೊನೆಗೆ. ಆ ನಾಲ್ಕು ತಿಂಗಳು ವಯಸ್ಸಾದವರ ಪಾಲಿಗೆ ಬಲು ಉದ್ದ. ಒಗೆದ ಬಟ್ಟೆ ಒಣಗುವುದಿಲ್ಲ, ಹೋದ ಕರೆಂಟು ಬೇಗ ಬರುವುದಿಲ್ಲ, ಮಂಡಿ ನೋವು ಬಿಡುವುದಿಲ್ಲ. ಊರಿಗೆ ಬರಬೇಕಾದ ಮಕ್ಕಳು ‘ಮಳೆ ಕಡಿಮೆಯಾಗಲಿ’ ಎನ್ನುತ್ತಾರೆ. ಮಡಿಕೇರಿ ಸಮೀಪದ ಹಿರಿಯರ ನಿಲಯವೊಂದಕ್ಕೆ ನಾನು ಕೆಲವು ವರ್ಷಗಳಿಂದ ವಾರಕ್ಕೆ ಎರಡು ದಿನ ಹೋಗುತ್ತಿದ್ದೇನೆ. ಆಗಸ್ಟ್ ಬರುವ ಹೊತ್ತಿಗೆ ಅಲ್ಲಿ ಊಟದ ಮೇಜಿನ ಮಾತೇ ಕಡಿಮೆಯಾಗಿರುತ್ತದೆ. ಆದ್ದರಿಂದ ಮಳೆ ಬಿಟ್ಟ ಮೇಲಿನ ದಿನಗಳನ್ನು ನಾವು ಹಬ್ಬದಷ್ಟೇ ಶ್ರದ್ಧೆಯಿಂದ ಯೋಜಿಸುತ್ತೇವೆ.

ಆರಂಭದಲ್ಲಿ ನಾವೂ ಎಲ್ಲರಂತೆ ಕಾರ್ಯಕ್ರಮ ಏರ್ಪಡಿಸುತ್ತಿದ್ದೆವು. ಹೊರಗಿನವರು ಬಂದು ಹಾಡುತ್ತಿದ್ದರು, ಹಣ್ಣು ಹಂಚುತ್ತಿದ್ದರು, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಹಿರಿಯರು ಸಾಲಾಗಿ ಕೂತು ಚಪ್ಪಾಳೆ ತಟ್ಟಿ ಕೋಣೆಗೆ ಮರಳುತ್ತಿದ್ದರು. ಜೀವನಪೂರ್ತಿ ತೋಟ, ಗದ್ದೆ, ಅಡುಗೆಮನೆ, ಸೇನೆಯ ತುಕಡಿ ನಡೆಸಿದವರನ್ನು ಹೀಗೆ ಪ್ರೇಕ್ಷಕರಾಗಿ ಕೂರಿಸುವುದು ತಪ್ಪು ಎಂದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಅವರಿಗೆ ಬೇಕಾಗಿದ್ದುದು ಆ ಮನೆಯ ಕೆಲಸದಲ್ಲಿ ತಮ್ಮದೊಂದು ಪಾಲು. ಕೆಳಗಿನ ಎಲ್ಲ ಹಂತಗಳೂ ಆ ತಿಳಿವಳಿಕೆಯಿಂದ ಹುಟ್ಟಿದವು.

ಮೊದಲು ನೆಲ ನೋಡಿ

ಬಿಸಿಲು ಬಂತೆಂದು ಮೊದಲ ದಿನವೇ ಯಾರನ್ನೂ ಹೊರಗೆ ಕರೆದೊಯ್ಯಬೇಡಿ. ಒಂದು ವರ್ಷ ಆ ಅವಸರ ಮಾಡಿದ್ದರಿಂದ ಅಜ್ಜಿಯೊಬ್ಬರು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಆ ಶರತ್ಕಾಲವೆಲ್ಲ ಅವರಿಗೆ ಬ್ಯಾಂಡೇಜಿನಲ್ಲೇ ಕಳೆಯಿತು. ಕೊಡಗಿನ ಅಂಗಳದಲ್ಲಿ ಪಾಚಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚೇ ಇರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಗಡುಸು ಪೊರಕೆಯಿಂದ ಉಜ್ಜಿ, ತೊಳೆದು, ಎರಡು ದಿನ ಒಣಗಲು ಬಿಡಿ. ನಂತರ ನೀವೇ ರಬ್ಬರ್ ಚಪ್ಪಲಿ ಮೆಟ್ಟಿ ಆ ದಾರಿಯಲ್ಲಿ ನಡೆದು ನೋಡಿ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ನಡೆಯುವ ದಾರಿಯಲ್ಲಿ ಮೂವತ್ತು, ನಲವತ್ತು ಅಡಿಗೊಂದು ಕುರ್ಚಿ ಇಡಿ. ಕೂರಲು ಜಾಗವಿದೆ ಎಂಬ ಧೈರ್ಯವಿದ್ದರೆ ನಡೆಯಲು ಹಿಂಜರಿಯುವವರೂ ಹೊರಡುತ್ತಾರೆ.

ಅದೇ ವಾರ ಕಂಬಳಿ, ಹಾಸಿಗೆ, ದಿಂಬುಗಳನ್ನು ಬಿಸಿಲಿಗೆ ಹಾಕಿ. ಶ್ರವಣಸಾಧನದ ಬ್ಯಾಟರಿ, ಕನ್ನಡಕ, ಊರುಗೋಲಿನ ತುದಿಯ ರಬ್ಬರ್ ಪರೀಕ್ಷಿಸಿ. ಮುಖ್ಯವಾಗಿ ಚಪ್ಪಲಿ ನೋಡಿ. ಸವೆದ ಚಪ್ಪಲಿಯನ್ನು ಹಿರಿಯರು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಹೊಸದನ್ನು ಅವರ ಕಾಲಿಗೆ ಹಾಕಿಸಿ ನಡೆಸಿ ಒಪ್ಪಿಸಬೇಕು.

ಒಂದೇ ಪ್ರಶ್ನೆ ಕೇಳಿ

‘ನಿಮಗೆ ಏನು ಇಷ್ಟ?’ ಎಂದು ಕೇಳಿದರೆ ‘ಏನೂ ಬೇಡ’ ಎಂಬ ಉತ್ತರವೇ ಬರುತ್ತದೆ. ‘ಪುತ್ತರಿಗೆ ನಿಮ್ಮ ಮನೆಯಲ್ಲಿ ನೀವು ಮಾಡುತ್ತಿದ್ದ ಕೆಲಸ ಯಾವುದು?’ ಎಂದು ಕೇಳಿ. ಪುತ್ತರಿ ಕೊಡಗಿನ ಸುಗ್ಗಿ ಹಬ್ಬ. ಅದನ್ನು ಆಚರಿಸದವರಿಗೆ ದೀಪಾವಳಿ, ಓಣಂ, ಕ್ರಿಸ್‌ಮಸ್, ರಂಜಾನ್ ಎಂದು ಬದಲಿಸಿಕೊಳ್ಳಿ. ಕೊಡಗಿನ ಯಾವ ನಿಲಯದಲ್ಲೂ ಒಂದೇ ಸಮುದಾಯದವರು ಇರುವುದು ಕಡಿಮೆ. ಕೊಡವ ಭಾಷೆ, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲವೂ ಒಂದೇ ಪಡಸಾಲೆಯಲ್ಲಿ ಕೇಳಿಸುತ್ತವೆ. ಉತ್ತರವನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತೋರಣ ಕಟ್ಟುತ್ತಿದ್ದೆ, ಬಾಳೆ ಎಲೆ ಕೊಯ್ದು ತರುತ್ತಿದ್ದೆ, ಕೋವಿ ಒರೆಸಿ ಇಡುತ್ತಿದ್ದೆ, ಲೆಕ್ಕ ಬರೆಯುತ್ತಿದ್ದೆ. ಈ ಪಟ್ಟಿಯೇ ನಿಮ್ಮ ಮೂರು ತಿಂಗಳ ಕಾರ್ಯಕ್ರಮ.

ನಮ್ಮಲ್ಲಿ ಒಬ್ಬ ಅಜ್ಜಿಗೆ ಮರೆವಿನ ಕಾಯಿಲೆ. ಮಗಳ ಹೆಸರೂ ಕೆಲವು ದಿನ ನೆನಪಿರುವುದಿಲ್ಲ. ಅಕ್ಟೋಬರ್ ಏಲಕ್ಕಿ ಕೊಯ್ಲಿನ ಕಾಲ, ಪಕ್ಕದ ತೋಟದವರು ಒಣಗಿಸಿದ ಎರಡು ಕಿಲೋ ಏಲಕ್ಕಿ ಕೊಟ್ಟಿದ್ದರು. ಅದನ್ನು ಮೊರದಲ್ಲಿ ಸುರಿದು ಅವರ ಮುಂದಿಟ್ಟೆವು. ಅವರು ಯಾರನ್ನೂ ಕೇಳಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದೊಂದೇ ಕಾಯಿ ಒತ್ತಿ ನೋಡಿದರು. ಗಟ್ಟಿ ಕಾಯಿ ಬಲಕ್ಕೆ, ಜೊಳ್ಳು ಎಡಕ್ಕೆ, ಬಾಯಿಬಿಟ್ಟದ್ದು ಮಡಿಲಿಗೆ. ಒಂದು ಗಂಟೆಯ ನಂತರ ಮೂರು ಗುಡ್ಡೆಗಳೂ ತಪ್ಪಿಲ್ಲದೆ ಬೇರೆಯಾಗಿದ್ದವು. ಅಂದು ಸಂಜೆ ಅವರೇ ಮುಂದಾಗಿ ಎರಡನೇ ಸಲ ಕಾಫಿ ಕೇಳಿದರು. ಬೆಳ್ಳುಳ್ಳಿ ಸುಲಿಯುವುದು, ಚೆಂಡುಹೂ ಪೋಣಿಸುವುದು, ವೀಳ್ಯದೆಲೆ ಒರೆಸಿ ಜೋಡಿಸುವುದು, ಎಳ್ಳು ಆರಿಸುವುದು ಕೂಡ ಇಂಥದೇ ಕೆಲಸಗಳು. ನಿಧಾನವಾದರೂ ಪರವಾಗಿಲ್ಲ. ಆದರೆ ಅವರು ಮಾಡಿದ್ದನ್ನು ಅಡುಗೆಮನೆ ನಿಜವಾಗಿಯೂ ಬಳಸಬೇಕು. ತೋರಿಕೆಯ ಕೆಲಸ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ದಿನದ ಲೆಕ್ಕ

ಬೆಳಗಿನ ಇಬ್ಬನಿ ಆರಿದ ಮೇಲೆ, ಅಂದರೆ ಒಂಬತ್ತರಿಂದ ಹತ್ತೂವರೆಯ ನಡುವೆ ಹೊರಗಿನ ಚಟುವಟಿಕೆ ಇಟ್ಟುಕೊಳ್ಳಿ. ಮಧ್ಯಾಹ್ನದ ನಂತರ ಹಿಂಗಾರಿನ ಗುಡುಗು ಮಳೆ ಬರಬಹುದು, ಸಂಜೆ ಐದಕ್ಕೆಲ್ಲ ಮಂಜು ಇಳಿಯುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟು ಸಾಧ್ಯವಾಗದವರು ಆದಷ್ಟು ಮಾಡಲಿ. ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು ಮನೆಯೊಳಗೇ ಆಗುತ್ತವೆ. ಹೃದಯ, ಕೀಲು, ತಲೆಸುತ್ತಿನ ತೊಂದರೆ ಇರುವವರ ವಿಚಾರದಲ್ಲಿ ವೈದ್ಯರನ್ನು ಮೊದಲೇ ಕೇಳಿ.

ಕೊಡಗಿನ ಹಿರಿಯರಿಗೆ ನಾನು ಕಂಡಂತೆ ಅತ್ಯಂತ ಪ್ರಿಯವಾದ ವ್ಯಾಯಾಮ ಬೇರೆಯೇ ಇದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ನಡೆಯುತ್ತದಲ್ಲ, ಅದನ್ನೇ ಅಂಗಳಕ್ಕೆ ತನ್ನಿ. ಕೋವಿಯ ಬದಲು ಬಟ್ಟೆಯ ಚೆಂಡು. ಸೀಬೆ ಮರದ ತಗ್ಗಿನ ಕೊಂಬೆಗೆ ತೆಂಗಿನಕಾಯಿ ಕಟ್ಟಿ, ಹತ್ತು ಅಡಿ ದೂರದಲ್ಲಿ ಕುರ್ಚಿ ಹಾಕಿ. ಗಾಲಿಕುರ್ಚಿಯಲ್ಲಿರುವವರೂ ಆಡಬಹುದು. ನಿವೃತ್ತ ಸೈನಿಕರೊಬ್ಬರು ಮೂರು ತಿಂಗಳಿಂದ ಭುಜ ನೋವೆಂದು ಕೈ ಎತ್ತುತ್ತಿರಲಿಲ್ಲ. ಆ ದಿನ ಏಳು ಚೆಂಡು ಎಸೆದರು.

ಅಕ್ಟೋಬರ್ 1 ಅಂತರರಾಷ್ಟ್ರೀಯ ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ಗೊತ್ತುಪಡಿಸಿದ ದಿನವಿದು. ಅಂದು ಸನ್ಮಾನ, ಶಾಲು ಸಾಕು ಎನ್ನಬೇಡಿ, ಗೇಟು ತೆರೆಯಿರಿ. ಮಕ್ಕಳೆಲ್ಲ ಬೆಂಗಳೂರಿಗೋ ವಿದೇಶಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರು ಕೊಡಗಿನ ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಅಂದಿನಿಂದ ವಾರಕ್ಕೊಮ್ಮೆ ಇಸ್ಪೀಟಿಗೋ ಊಟಕ್ಕೋ ಕರೆಯಿರಿ. ಸಂಕಷ್ಟದಲ್ಲಿರುವ ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ 14567 ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡಿ.

ದಸರಾ ನೋಡುವುದಾದರೆ ಹಗಲಿನಲ್ಲಿ

ಮಡಿಕೇರಿ ದಸರಾದ ದಶಮಂಟಪಗಳ, ಅಂದರೆ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳ ಮೆರವಣಿಗೆ ವಿಜಯದಶಮಿಯ ರಾತ್ರಿ ಶುರುವಾಗಿ ಬೆಳಗಿನವರೆಗೂ ನಡೆಯುತ್ತದೆ. ಆ ಜನಸಂದಣಿ, ಆ ಶಬ್ದ, ಆ ಚಳಿ ಎಂಬತ್ತರ ದೇಹಕ್ಕೆ ಹೇಳಿದ್ದಲ್ಲ. ಮಂಟಪದ ಕೆಲಸ ಭರದಿಂದ ಸಾಗುವ ಹಿಂದಿನ ದಿನಗಳಲ್ಲಿ ಸಮಿತಿಯವರನ್ನು ಮೊದಲೇ ಕೇಳಿ, ಹಗಲು ಹೊತ್ತಿನಲ್ಲಿ ಒಂದೋ ಎರಡೋ ಮಂಟಪ ತೋರಿಸಿ. ಹುಡುಗರು ಕಲಾಕೃತಿಗಳನ್ನು ಜೋಡಿಸುವುದನ್ನು ಹತ್ತಿರದಿಂದ ನೋಡುವುದೂ ಒಂದು ಸೊಗಸು. ಇನ್ನು ಕರಗ. ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಿಂದ ಹೊರಡುವ ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗಗಳು ನಗರದ ಬೀದಿಗಳಲ್ಲಿ ಸಂಚರಿಸುತ್ತವೆ. ನಿಲಯ ಪಟ್ಟಣದೊಳಗೇ ಇದ್ದರೆ ಬರುವ ದಾರಿ, ಹೊತ್ತು ವಿಚಾರಿಸಿ, ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಸಾಕು.

ಕಾವೇರಿ ಸಂಕ್ರಮಣ

ಇಡೀ ಋತುವಿನ ನಡುಗಂಬ ಇದು. ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿಗೆ, ಸಾಮಾನ್ಯವಾಗಿ ಅಕ್ಟೋಬರ್ 17ರ ಆಸುಪಾಸಿನಲ್ಲಿ, ತಲಕಾವೇರಿಯ ಕುಂಡಿಕೆ ಎಂಬ ಪುಟ್ಟ ಕೊಳದಲ್ಲಿ ತೀರ್ಥೋದ್ಭವವಾಗುತ್ತದೆ. ಮುಹೂರ್ತ ಕೆಲವು ವರ್ಷ ಹಗಲಿಗೆ, ಕೆಲವು ವರ್ಷ ನಡುರಾತ್ರಿಗೆ ಬೀಳುತ್ತದೆ. ಆ ದಿನ ಹಿರಿಯರನ್ನು ಕರೆದೊಯ್ಯುವ ಹಟ ಬೇಡ. ಅಲ್ಲಿಂದ ಒಂದು ತಿಂಗಳ ಕಾಲ, ವೃಶ್ಚಿಕ ಸಂಕ್ರಮಣದವರೆಗೆ, ಕಾವೇರಿಯ ದರ್ಶನ ಮತ್ತು ಸ್ನಾನಕ್ಕೆ ಅಷ್ಟೇ ಪುಣ್ಯವಿದೆ ಎಂಬ ನಂಬಿಕೆ ಇದೆ. ಆದ್ದರಿಂದ ಜನ ಕಡಿಮೆಯಾದ ಮೇಲೆ ವಾರದ ನಡುವಿನ ಒಂದು ದಿನ ಹೊರಡಿ.

ಪ್ರಯಾಣಕ್ಕೆ ಕೆಲವು ಮಾತು. ರಸ್ತೆಯ ತಿರುವುಗಳಲ್ಲಿ ವಾಂತಿ ಬರುವವರನ್ನು ಮುಂದೆ ಕೂರಿಸಿ, ಬೆಳಗಿನ ತಿಂಡಿ ಹಗುರವಾಗಿರಲಿ. ವ್ಯಾನಿನ ಮೆಟ್ಟಿಲು ಎತ್ತರ, ಒಂದು ಗಟ್ಟಿ ಮಣೆಯನ್ನು ಜೊತೆಗೆ ಒಯ್ಯಿರಿ. ಮಧ್ಯಾಹ್ನದ ಮಾತ್ರೆಗಳನ್ನು ಹೆಸರು ಬರೆದ ಡಬ್ಬಿಯಲ್ಲಿ ಹಾಕಿಕೊಳ್ಳಿ. ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ತಿಳಿದಿರಿ. ಅದೊಂದೇ ಭಯಕ್ಕೆ ಎಷ್ಟೋ ಅಜ್ಜಿಯರು ಬರುವುದಿಲ್ಲ ಎನ್ನುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಭಾಗಮಂಡಲದ ಸಂಗಮದಲ್ಲಿ ನೀರಿಗಿಳಿಸುವ ಬದಲು ಚೊಂಬಿನಲ್ಲಿ ನೀರು ತಂದು ಕಾಲಿಗೆ, ತಲೆಗೆ ಪ್ರೋಕ್ಷಿಸಿದರೆ ಆಯಿತು. ಮೆಟ್ಟಿಲು ಹತ್ತಲಾಗದವರು ತಲಕಾವೇರಿಗೆ ಹೋಗದೆ ಅಲ್ಲೇ ಉಳಿಯಲಿ, ಜೊತೆಗೊಬ್ಬರು ಇರಲಿ.

ನಿಲಯದಲ್ಲಿ ಮಾಡಬೇಕಾದದ್ದು ಕಣಿಪೂಜೆ. ತಟ್ಟೆಯಲ್ಲಿ ಅಕ್ಕಿ ಹರಡಿ, ತೆಂಗಿನಕಾಯಿ ಅಥವಾ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಹೂವಿಟ್ಟು, ವೀಳ್ಯದೆಲೆ ಅಡಿಕೆ ಜೋಡಿಸಿದರೆ ಕಾವೇರಮ್ಮ ಮನೆಗೆ ಬಂದಂತೆ. ಇದನ್ನು ಸಿಬ್ಬಂದಿ ಮಾಡಬಾರದು. ಹಿಂದಿನ ಸಂಜೆಯೇ ಸಾಮಗ್ರಿ ಮುಂದಿಟ್ಟು ಅಜ್ಜಿಯರಿಗೆ ಬಿಟ್ಟುಬಿಡಿ. ರೇಷ್ಮೆಯ ನೆರಿಗೆ ಹೇಗಿರಬೇಕು, ಎಲೆ ಎಷ್ಟಿರಬೇಕು ಎಂಬ ಬಗ್ಗೆ ಸಣ್ಣ ಜಗಳ ಖಂಡಿತ ಆಗುತ್ತದೆ. ನಡುವೆ ಬರಬೇಡಿ. ತಿಂಗಳುಗಟ್ಟಲೆ ಮಾತಾಡದ ಇಬ್ಬರು ಅಂಥದೊಂದು ಜಗಳದಿಂದ ಗೆಳತಿಯರಾದದ್ದನ್ನು ನಾನು ನೋಡಿದ್ದೇನೆ.

ಪೂಜೆಯ ನಂತರ ಕಿರಿಯರು ಹಿರಿಯರ ಕಾಲು ಮುಟ್ಟಿ ಆಶೀರ್ವಾದ ಪಡೆಯುವ ಪದ್ಧತಿ ಇದೆ. ಇಲ್ಲಿ ಕಿರಿಯರೆಂದರೆ ಅಡುಗೆಯವರು, ಆರೈಕೆ ಮಾಡುವ ಹುಡುಗಿಯರು, ಚಾಲಕರು. ದಿನವೂ ಮೈ ತೊಳೆಸುವ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಹರಸುವಾಗ ಆ ಮುದಿ ಕೈ ಮತ್ತೆ ಕೊಡುವ ಕೈಯಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳಿಗೆ ಹಿಂದಿನ ವಾರವೇ ತಿಳಿಸಿ. ಇಲ್ಲಿ ಬೆಳಗಿನ ಎಂಟು ಗಂಟೆ ಎಂದರೆ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ ಹತ್ತೂವರೆ. ವಿಡಿಯೊ ಕರೆಗೆ ಅನುಕೂಲದ ಹೊತ್ತು. ಅಂದಿನ ಊಟ ದೋಸೆ ಮತ್ತು ಕುಂಬಳಕಾಯಿ ಕರಿ. ಎಲ್ಲರೂ ತಿನ್ನಬಹುದಾದ ಊಟ, ಮೆತ್ತಗೂ ಇರುತ್ತದೆ.

ನವೆಂಬರ್ 1: ಕೇಳುವುದಕ್ಕೊಂದು ದಿನ

1956ರ ನವೆಂಬರ್ 1ರಂದು ಕೊಡಗು ಪ್ರತ್ಯೇಕ ರಾಜ್ಯವಾಗಿರುವುದು ಕೊನೆಗೊಂಡು ಮೈಸೂರು ರಾಜ್ಯದೊಂದಿಗೆ ಸೇರಿತು. ಆಗ ಶಾಲೆಯಲ್ಲಿದ್ದವರು ಇಂದು ನಿಮ್ಮ ನಿಲಯದಲ್ಲಿ ಇರಬಹುದು. ಹತ್ತಿರದ ಶಾಲೆಯ ಎಂಟು, ಹತ್ತು ಮಕ್ಕಳನ್ನು ಕರೆಯಿರಿ. ಹೆಚ್ಚು ಬೇಡ, ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು ಸಾಕು. ದೊಡ್ಡ ಗುಂಪಿನಲ್ಲಿ ಕಿವಿ ಮಂದವಾದವರಿಗೆ ಏನೂ ಕೇಳಿಸುವುದಿಲ್ಲ. ‘ಹಿಂದಿನ ಕಾಲದ ಬಗ್ಗೆ ಹೇಳಿ’ ಎಂದರೆ ಮಾತು ಹೊರಡುವುದಿಲ್ಲ, ಕೈಗೊಂದು ವಸ್ತು ಕೊಡಿ. ನಾವು ನಡುವೆ ತೂತಿರುವ ಹಳೆಯ ಕಾಸೊಂದನ್ನು ತಂದಿದ್ದೆವು. 1943ರ ನಂತರದ ಕೆಲವು ವರ್ಷ ಚಲಾವಣೆಗೆ ಬಂದ ನಾಣ್ಯ ಅದು. ಅಜ್ಜ ಅದನ್ನು ಅಂಗೈಯಲ್ಲಿ ತಿರುಗಿಸಿ, ತೂತಿನೊಳಗೆ ಕಿರುಬೆರಳ ತುದಿ ತೂರಿಸಲು ನೋಡಿದರು. ಆಮೇಲೆ, ಅವ್ವ ಅದನ್ನು ದಾರದಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿದ್ದಳು, ಸಂತೆಯಲ್ಲಿ ಬಿಚ್ಚಿ ಬೆಲ್ಲ ಕೊಂಡೆ ಎಂದರು. ಅರ್ಧ ಗಂಟೆ ಆ ಮಕ್ಕಳು ಅಲುಗಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ತಿದ್ದಬಾರದು ಎಂದು ಮಕ್ಕಳಿಗೆ ಮೊದಲೇ ತಿಳಿಸಿರಿ.

ಪುತ್ತರಿಯವರೆಗೆ

ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುವ ಪುತ್ತರಿಯೊಂದಿಗೆ ನಮ್ಮ ಋತು ಮುಗಿಯುತ್ತದೆ. ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವ, ಕದಿರು ಅಂದರೆ ಹೊಸ ತೆನೆ ತೆಗೆಯುವ, ಊಟದ ಮುಹೂರ್ತಗಳನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಗದಿ ಮಾಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ನಿಲಯಕ್ಕೆ ಗದ್ದೆ ಇರುವುದಿಲ್ಲ. ಅಕ್ಕಪಕ್ಕದ ರೈತರಲ್ಲಿ ನಾಲ್ಕು ಹಿಡಿ ಪೈರು ಬಿಡಲು ಕೇಳಿಕೊಳ್ಳಿ, ಯಾರೂ ಇಲ್ಲ ಎನ್ನುವುದಿಲ್ಲ. ಮುಂದಿನ ಜುಲೈಯಲ್ಲಿ ದೊಡ್ಡ ಟಬ್ಬಿನಲ್ಲಿ ನಾಟಿ ಮಾಡಿ ವರಾಂಡದ ಅಂಚಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಮಳೆಗಾಲವೆಲ್ಲ ನೋಡಿಕೊಳ್ಳಲು ಒಂದು ಜೀವ ಇದ್ದಂತಾಗುತ್ತದೆ. ತಂಬಿಟ್ಟಿಗೆ ಹುರಿದ ಅಕ್ಕಿ ಹಿಟ್ಟಿನೊಂದಿಗೆ ಬಾಳೆಹಣ್ಣು ಕಲಸುವ ಕೆಲಸ ಅಜ್ಜಂದಿರಿಗೆ ಕೊಡಿ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಚಿಕ್ಕ ಉಂಡೆ ಸಾಕು, ಅದನ್ನು ಊಟದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಹಂದಿಮಾಂಸದ ಪಂದಿಕರಿ ಮಾಡುವುದಾದರೆ ಸಸ್ಯಾಹಾರಿಗಳ ಪಾತ್ರೆ, ಸೌಟು, ಬಡಿಸುವ ಮೇಜು ಎಲ್ಲವೂ ಬೇರೆಯಿರಲಿ.

ಹಾಸಿಗೆ ಹಿಡಿದವರನ್ನು ಈ ರಾತ್ರಿ ಮರೆಯಬೇಡಿ. ಕದಿರು ತೆಗೆಯುವಾಗ ಎಲ್ಲರೂ ‘ಪೊಲಿ ಪೊಲಿ ದೇವಾ’ ಎಂದು ಕೂಗುವ ಸದ್ದು ಅವರಿಗೆ ಕೇಳಿಸುವಂತೆ ಕಿಟಕಿ ತೆರೆದಿಡಿ, ಕಾಲಿಗೆ ಕಂಬಳಿ ಹೊದಿಸಿ. ಕದಿರಿನ ಮೊದಲ ಕಟ್ಟನ್ನು ದೇವರ ಕೋಣೆಗೆ ಒಯ್ದ ಮೇಲೆ ಎರಡನೆಯದನ್ನು ಅವರ ಮಂಚದ ಬಳಿಗೆ ತನ್ನಿ. ಇನ್ನೂ ಇಬ್ಬನಿ ಹಿಡಿದಿರುವ ತೆನೆಯನ್ನು ಅವರ ಕೆನ್ನೆಗೆ ತಾಗಿಸಿ, ಮುಷ್ಟಿಯಲ್ಲಿ ಹಿಡಿಸಿ. ಕೈ ತಾನಾಗಿ ಬಿಡುವವರೆಗೆ ತೆಗೆಯಬೇಡಿ. ಬಾಗಿಲಿಗೆ ಆಮೇಲೆ ಕಟ್ಟಬಹುದು.