ಸಿಟಿಗೆ ಹೊಸ ಪೊಲೀಸ್ ಚೀಫ್ ಬರುವ ಮೊದಲೇ ನೀವು ಮಾತಾಡಬೇಕು, ಹೇಗೆ ಅಂತ ಇಲ್ಲಿದೆ

ಅಮೆರಿಕದ ಯಾವುದೋ ಸಣ್ಣ ಸಿಟಿಯಲ್ಲಿ ಇದ್ದೀರಿ. ಪೊಲೀಸ್ ಚೀಫ್ ರಿಟೈರ್ ಆಗುತ್ತಿದ್ದಾರೆ, ಸಿಟಿ ಕೌನ್ಸಿಲ್ ಹೊಸಬರನ್ನು ಹುಡುಕುತ್ತಿದೆ ಅಂತ ಸುದ್ದಿ ಬರುತ್ತದೆ. ನಮ್ಮವರಲ್ಲಿ ಜಾಸ್ತಿ ಜನ ಅದನ್ನು ಓದಿ ಸುಮ್ನೆ ಮುಂದೆ ಹೋಗುತ್ತಾರೆ. ಅದು ಸಹಜವೇ. ಕರ್ನಾಟಕದಲ್ಲಿ ಜಿಲ್ಲೆಗೆ ಎಸ್‌ಪಿ ಯಾರು ಅಂತ ಸರ್ಕಾರ ತೀರ್ಮಾನಿಸುತ್ತದೆ, ವರ್ಗಾವಣೆ ಪಟ್ಟಿ ಪೇಪರ್‌ನಲ್ಲಿ ಬಂದ ಮೇಲೆ ನಮಗೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಈ ದೇಶದಲ್ಲಿ ದೊಡ್ಡದು ಸಣ್ಣದು ಸೇರಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಊರುಗಳ ಸ್ವಂತ ಪೊಲೀಸ್ ಇಲಾಖೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಹತ್ತು ಜನ ಫುಲ್‌ಟೈಮ್ ಆಫೀಸರ್‌ಗಳೂ ಇಲ್ಲ. ಅಷ್ಟು ಸಣ್ಣ ಇಲಾಖೆಯಲ್ಲಿ ಚೀಫ್ ಬದಲಾದರೆ ರಾತ್ರಿ ಗಸ್ತಿನಿಂದ ಹಿಡಿದು ನಿಮ್ಮ ಮಗನ ಕಾರನ್ನು ಯಾಕೆ ನಿಲ್ಲಿಸಿದರು ಅನ್ನುವವರೆಗೆ ಎಲ್ಲಾ ಬದಲಾಗಬಹುದು.

ಕೌನ್ಸಿಲ್ ವೋಟು ಹಾಕುವ ರಾತ್ರಿ ಹೋಗಿ ಮಾತಾಡಿದರೆ ತಡ ಆಯಿತು ಅಂತಲೇ ಅರ್ಥ. ಅಷ್ಟು ಹೊತ್ತಿಗೆ ಒಬ್ಬರನ್ನು ಆರಿಸಿ, ಸಂಬಳ ಮಾತಾಡಿ, ಕೈ ಕುಲುಕಿ ಆಗಿರುತ್ತದೆ. ನಿಮ್ಮ ಮಾತಿಗೆ ಬೆಲೆ ಇರುವುದು ಅದಕ್ಕಿಂತ ಎರಡು ಮೂರು ತಿಂಗಳು ಮೊದಲು, ಎಂಥವರು ಬೇಕು ಅಂತ ಇನ್ನೂ ಬರೆಯುತ್ತಿರುವಾಗ.

ಮೊದಲು, ತೀರ್ಮಾನ ಯಾರದ್ದು ಅಂತ ತಿಳಿದುಕೊಳ್ಳಿ

ಇದನ್ನು ನೋಡದೆ ಹೋಗಿ ತಪ್ಪು ಬಾಗಿಲು ತಟ್ಟುವವರೇ ಜಾಸ್ತಿ. ಕೆಲವು ಸಿಟಿಗಳಲ್ಲಿ ಕೌನ್ಸಿಲ್ ಒಬ್ಬ ಸಿಟಿ ಮ್ಯಾನೇಜರ್‌ನನ್ನು ನೇಮಿಸಿಕೊಂಡಿರುತ್ತದೆ, ಚೀಫ್ ಯಾರು ಅಂತ ಆ ಮ್ಯಾನೇಜರ್ ತೀರ್ಮಾನಿಸುತ್ತಾರೆ. ಅಂಥ ಕಡೆ ಕೌನ್ಸಿಲ್ ಒಪ್ಪಿಗೆ ಕೊಡುತ್ತದೆ, ಕೆಲವೊಮ್ಮೆ ಅದೂ ಬೇಕಾಗುವುದಿಲ್ಲ. ಇನ್ನು ಕೆಲವು ಕಡೆ ಮೇಯರ್ ಹೆಸರು ಸೂಚಿಸುತ್ತಾರೆ, ಕೌನ್ಸಿಲ್ ವೋಟು ಹಾಕುತ್ತದೆ. ತೀರಾ ಸಣ್ಣ ಊರುಗಳಲ್ಲಿ ಕೌನ್ಸಿಲ್ಲೇ ನೇರವಾಗಿ ನೇಮಿಸುವುದೂ ಉಂಟು. ವಿಸ್ಕಾನ್ಸಿನ್‌ನ ಬಹಳಷ್ಟು ಸಿಟಿಗಳಲ್ಲಿ ಈ ಅಧಿಕಾರ ಕೌನ್ಸಿಲ್‌ಗೆ ಇಲ್ಲವೇ ಇಲ್ಲ, ಅದಕ್ಕೆ ಬೇರೆಯೇ ಪೊಲೀಸ್ ಮತ್ತು ಫೈರ್ ಕಮಿಷನ್ ಇದೆ. ಸಿಟಿಯ ಚಾರ್ಟರ್ (ಆಡಳಿತದ ಮೂಲ ನಿಯಮಗಳು) ಅಥವಾ ಮುನಿಸಿಪಲ್ ಕೋಡ್ (ಸಿಟಿಯ ಕಾನೂನುಗಳು) ಆನ್‌ಲೈನ್‌ನಲ್ಲಿ ಇರುತ್ತದೆ, "ಚೀಫ್ ಆಫ್ ಪೊಲೀಸ್" ಅಂತ ಹುಡುಕಿ. ಸಿಗದಿದ್ದರೆ ಸಿಟಿ ಕ್ಲರ್ಕ್‌ಗೆ ಫೋನ್ ಮಾಡಿ ಕೇಳಿ. ನಿಯಮದ ಬಗ್ಗೆ ಕೇಳಿದರೆ ಉತ್ತರ ಕೊಡುವುದು ಅವರ ಕೆಲಸವೇ.

"ನಮಗೆ ಇನ್ನೂ ಗ್ರೀನ್ ಕಾರ್ಡ್ ಕೂಡ ಬಂದಿಲ್ಲ, ಹೋಗಿ ಏನು ಮಾಡೋದು" ಅಂತ ಕೇಳುವವರಿದ್ದಾರೆ. ವೋಟು ಹಾಕಲು ಪೌರತ್ವ ಬೇಕು. ಕೌನ್ಸಿಲ್ ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡಲು ಬೇಡ. ಕ್ಯಾಲಿಫೋರ್ನಿಯಾದಲ್ಲಂತೂ ಮೀಟಿಂಗ್‌ಗೆ ಬರಬೇಕಾದರೆ ಹೆಸರು ಬರೆದೇ ಒಳಗೆ ಬನ್ನಿ ಅಂತ ಒತ್ತಾಯ ಮಾಡುವ ಹಾಗೇ ಇಲ್ಲ. ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತೀರಿ, ಮಕ್ಕಳು ಅಲ್ಲೇ ಸ್ಕೂಲಿಗೆ ಹೋಗುತ್ತಾರೆ, ಧೈರ್ಯವಾಗಿ ಹೋಗಿ.

ಅಜೆಂಡಾ ಓದುವುದು

ಅಜೆಂಡಾ ಓದಲು ಬಂದರೆ ಅರ್ಧ ಕೆಲಸ ಆದಂತೆ. ಕ್ಯಾಲಿಫೋರ್ನಿಯಾದಲ್ಲಿ ಮೀಟಿಂಗ್‌ಗಳು ಜನರಿಗೆ ತೆರೆದಿರಬೇಕು ಅನ್ನುವ 1953ರ ಬ್ರೌನ್ ಆ್ಯಕ್ಟ್ ಪ್ರಕಾರ ಮಾಮೂಲಿ ಮೀಟಿಂಗ್‌ನ ಅಜೆಂಡಾ 72 ಗಂಟೆ ಮೊದಲು, ವಿಶೇಷ ಮೀಟಿಂಗ್‌ನದು 24 ಗಂಟೆ ಮೊದಲು ಜನರಿಗೆ ಕಾಣುವಂತೆ ಹಾಕಬೇಕು. ಬೇರೆ ರಾಜ್ಯಗಳಿಗೂ ಇಂಥದ್ದೇ ಕಾನೂನು ಇದೆ, ಗಡುವು ಬೇರೆ ಬೇರೆ. ಹೊಸ ಅಜೆಂಡಾ ಬಂದಾಗಲೆಲ್ಲ ಇಮೇಲ್ ಬರುವಂತೆ ಸಿಟಿ ವೆಬ್‌ಸೈಟ್‌ನಲ್ಲಿ ಸೈನ್‌ಅಪ್ ಮಾಡಿಬಿಡಿ.

ಅದರಲ್ಲಿ ಹುಡುಕಬೇಕಾದ ಸಾಲು ತುಂಬಾ ಚಿಕ್ಕದು, ಕಣ್ಣು ತಪ್ಪಿಸಿಕೊಳ್ಳುತ್ತದೆ. "ಕ್ಲೋಸ್ಡ್ ಸೆಷನ್. ಪಬ್ಲಿಕ್ ಎಂಪ್ಲಾಯೀ ಅಪಾಯಿಂಟ್‌ಮೆಂಟ್. ಟೈಟಲ್: ಪೊಲೀಸ್ ಚೀಫ್." ಇಷ್ಟೇ ಇರುತ್ತದೆ. ಹೆಸರಿಲ್ಲ, ವಿವರ ಇಲ್ಲ. ಇದರ ಅರ್ಥ, ಕೌನ್ಸಿಲ್ ಬಾಗಿಲು ಮುಚ್ಚಿಕೊಂಡು ಅಭ್ಯರ್ಥಿಗಳ ಬಗ್ಗೆ ಮಾತಾಡಲಿದೆ. ಇದು ಕಾನೂನುಬದ್ಧವೇ, ಇದರಲ್ಲಿ ಮೋಸ ಏನಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಒಳಗೆ ಹೋಗುವ ಮೊದಲು ಆ ವಿಷಯದ ಬಗ್ಗೆ ಜನರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ಈ ಅವಕಾಶ ಬಹಳ ಜನರಿಗೆ ಗೊತ್ತೇ ಇಲ್ಲ. ಆರು ಗಂಟೆ ಮೀಟಿಂಗ್‌ಗೆ ಐದಕ್ಕೇ ಕ್ಲೋಸ್ಡ್ ಸೆಷನ್ ಇಟ್ಟಿದ್ದರೆ ನೀವು ಐದಕ್ಕೇ ಅಲ್ಲಿರಬೇಕು. ಫ್ಲಾರಿಡಾದಲ್ಲಿದ್ದರೆ ನಿಮ್ಮ ಅದೃಷ್ಟ, ಅಲ್ಲಿಯ ಸನ್‌ಶೈನ್ ಕಾನೂನಿನಲ್ಲಿ ಕೌನ್ಸಿಲ್ ನೇಮಕಾತಿಯ ಚರ್ಚೆಯನ್ನೂ ಎಲ್ಲರ ಎದುರಿಗೇ ಮಾಡಬೇಕು, ಚೀಫ್ ಹುದ್ದೆಗೆ ಅರ್ಜಿ ಹಾಕಿದವರ ಹೆಸರನ್ನೂ ಕೇಳಿ ಪಡೆಯಬಹುದು.

ಇನ್ನೊಂದು ಜಾಗ ನೋಡಿ, ಕನ್ಸೆಂಟ್ ಕ್ಯಾಲೆಂಡರ್. ಗಲಾಟೆ ಇಲ್ಲದ ಹತ್ತಾರು ವಿಷಯಗಳನ್ನು ಒಟ್ಟಿಗೆ ಒಂದೇ ವೋಟಿಗೆ ಪಾಸ್ ಮಾಡುವ ಪಟ್ಟಿ ಅದು. ಚೀಫ್ ಹುಡುಕಲು ಏಜೆನ್ಸಿಗೆ ಕೊಡುವ ಗುತ್ತಿಗೆ ಬಹಳ ಸಲ ಇದರಲ್ಲೇ ಸೇರಿರುತ್ತದೆ. ಒಬ್ಬ ಕೌನ್ಸಿಲ್ ಸದಸ್ಯರಿಗೆ ಮೊದಲೇ ಬರೆದು, ಇದನ್ನು ಪಟ್ಟಿಯಿಂದ ಹೊರತೆಗೆದು ಬೇರೆಯಾಗಿ ಚರ್ಚಿಸಿ ಅಂತ ಕೇಳಿ.

ನಮಗೆ ಸ್ವಂತ ಇಲಾಖೆ ಬೇಕಾ ಅನ್ನುವ ಚರ್ಚೆ

ಸಣ್ಣ ಸಿಟಿಯಲ್ಲಿ ಚೀಫ್ ಹೋದ ತಕ್ಷಣ ಈ ಮಾತು ಏಳುತ್ತದೆ: ಇಷ್ಟು ಖರ್ಚು ಯಾಕೆ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮಟ್ಟದ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗೇ ಗುತ್ತಿಗೆ ಕೊಟ್ಟುಬಿಡೋಣ. ಇದು ಹೊಸ ಐಡಿಯಾ ಅಲ್ಲ. ಲಾಸ್ ಏಂಜಲೀಸ್ ಪಕ್ಕದ ಲೇಕ್‌ವುಡ್ 1954ರಲ್ಲಿ ಸಿಟಿ ಆದಾಗಿನಿಂದಲೇ ಶೆರಿಫ್ ಇಲಾಖೆಯ ಸೇವೆ ಪಡೆಯುತ್ತಿದೆ, ಕಾಂಪ್ಟನ್ 2000ದಲ್ಲಿ ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿ ಶೆರಿಫ್ ಕಡೆ ಹೋಯಿತು. ದುಡ್ಡು ಉಳಿಯಬಹುದು, ಆದರೆ ಆಗ ಮುಖ್ಯಸ್ಥರನ್ನು ಕರೆದು ಪ್ರಶ್ನೆ ಕೇಳುವ ಹಿಡಿತ ಕೌನ್ಸಿಲ್‌ನಿಂದ ಕೌಂಟಿಗೆ ಜಾರುತ್ತದೆ. ಒಮ್ಮೆ ಮುಚ್ಚಿದ ಇಲಾಖೆಯನ್ನು ಮತ್ತೆ ಕಟ್ಟುವುದು ಸುಲಭ ಅಲ್ಲ. ನನ್ನ ಮಟ್ಟಿಗೆ, ಇದನ್ನು ಅವಸರದಲ್ಲಿ ತೀರ್ಮಾನಿಸುವ ಬದಲು ಒಬ್ಬ ಹಂಗಾಮಿ ಚೀಫ್‌ರನ್ನು ಕೂರಿಸಿ, ಲೆಕ್ಕ ಎಲ್ಲಾ ಮೇಜಿನ ಮೇಲೆ ಇಡಲಿ ಅಂತ ಕೇಳುವುದೇ ಸರಿ.

ಏನು ಕೇಳಬೇಕು

"ಒಳ್ಳೆಯವರನ್ನು ತನ್ನಿ", "ಜನಸ್ನೇಹಿ ಆಗಿರಲಿ" ಅಂತ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಏನೂ ಆಗುವುದಿಲ್ಲ. ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ.

ಅಭ್ಯರ್ಥಿಯ ಹೆಸರನ್ನು ನ್ಯಾಷನಲ್ ಡಿಸರ್ಟಿಫಿಕೇಷನ್ ಇಂಡೆಕ್ಸ್‌ನಲ್ಲಿ ನೋಡಿದ್ದೀರಾ? ಒಂದು ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡ ಪೊಲೀಸರು ಇನ್ನೊಂದು ರಾಜ್ಯದಲ್ಲಿ ಸದ್ದಿಲ್ಲದೆ ಸೇರಿಕೊಳ್ಳಬಾರದು ಅಂತ ಮಾಡಿದ ಪಟ್ಟಿ ಅದು. ಹಳೆಯ ಊರಿನ ಪ್ರಾಸಿಕ್ಯೂಟರ್ ಆಫೀಸಿಗೆ ಫೋನ್ ಮಾಡಿ, ಇವರ ಹೆಸರು ಬ್ರೇಡಿ ಲಿಸ್ಟ್‌ನಲ್ಲಿ, ಅಂದರೆ ಮಾತು ನಂಬಲಾಗದ ಪೊಲೀಸರ ಪಟ್ಟಿಯಲ್ಲಿ, ಇದೆಯಾ ಅಂತ ಕೇಳಿದ್ದೀರಾ? 1963ರ ಬ್ರೇಡಿ ತೀರ್ಪು ಮತ್ತು 1972ರ ಗಿಗ್ಲಿಯೋ ತೀರ್ಪಿನಿಂದಾಗಿ, ಪೊಲೀಸರೊಬ್ಬರು ಹಿಂದೆ ಸುಳ್ಳು ಹೇಳಿದ್ದರೆ ಅದನ್ನು ಪ್ರಾಸಿಕ್ಯೂಷನ್ ಆರೋಪಿಯ ವಕೀಲರಿಗೆ ತಿಳಿಸಬೇಕಾಗುತ್ತದೆ. ಆ ಲಿಸ್ಟ್‌ನಲ್ಲಿರುವವರ ಸಾಕ್ಷಿ ಕೋರ್ಟ್‌ನಲ್ಲಿ ನಿಲ್ಲುವುದೇ ಕಷ್ಟ. ಅವರನ್ನು ಇಡೀ ಇಲಾಖೆಗೆ ಮುಖ್ಯಸ್ಥರಾಗಿ ಮಾಡಬಾರದು ಅಲ್ವಾ? ಹಿಂದಿನ ಊರಿಗೆ ಯಾರಾದರೂ ಖುದ್ದಾಗಿ ಹೋಗಿ, ಅವರ ಕೈಕೆಳಗೆ ಕೆಲಸ ಮಾಡಿದವರನ್ನು ಮಾತಾಡಿಸಿದ್ದಾರಾ, ಅಥವಾ ಅಭ್ಯರ್ಥಿ ತಾವೇ ಕೊಟ್ಟ ಮೂರು ಹೆಸರಿಗೆ ಫೋನ್ ಮಾಡಿ ಮುಗಿಸಿದರಾ? ರೆಸ್ಯೂಮೆಯಲ್ಲಿ ಎಫ್‌ಬಿಐ ನ್ಯಾಷನಲ್ ಅಕಾಡೆಮಿ ಅಂತ ಕಂಡರೆ ಒಳ್ಳೆಯದೇ, ಅದು ಹತ್ತು ವಾರದ ಗೌರವದ ಕೋರ್ಸ್, ಆದರೆ ಅದೊಂದನ್ನೇ ನೋಡಿ ತೃಪ್ತರಾಗಬೇಡಿ.

ಆಮೇಲೆ ದಂಡದ ದುಡ್ಡು. ಮಿಸೌರಿಯ ಫರ್ಗುಸನ್ ಆಗ ಸುಮಾರು 21,000 ಜನರಿದ್ದ ಊರು. 2014ರಲ್ಲಿ ಅಲ್ಲಿ ಪೊಲೀಸ್ ಗುಂಡಿಗೆ ಮೈಕಲ್ ಬ್ರೌನ್ ಅನ್ನುವ ಕಪ್ಪು ಯುವಕ ಸತ್ತು ದೊಡ್ಡ ಪ್ರತಿಭಟನೆ ನಡೆದದ್ದು ಜಗತ್ತಿಗೇ ಗೊತ್ತು. ಮರುವರ್ಷ ಅಮೆರಿಕದ ಕೇಂದ್ರ ನ್ಯಾಯ ಇಲಾಖೆ ವರದಿ ಬಂದಾಗ ಒಳಗಿನ ಕಥೆ ತಿಳಿಯಿತು. 2015ರ ಬಜೆಟ್‌ನಲ್ಲಿ ಸಿಟಿಯ ಮುಖ್ಯ ಆದಾಯ ಸುಮಾರು 1.3 ಕೋಟಿ ಡಾಲರ್ ಅಂದುಕೊಂಡಿದ್ದರೆ, ಅದರಲ್ಲಿ 30 ಲಕ್ಷಕ್ಕೂ ಜಾಸ್ತಿ ದಂಡ ಮತ್ತು ಫೀಸಿನಿಂದಲೇ ಬರಬೇಕಿತ್ತು. ಟಿಕೆಟ್ ಬರೆಯುವುದು ಜಾಸ್ತಿ ಆಗದಿದ್ದರೆ ಮುಂದಿನ ವರ್ಷ ವಸೂಲಿ ಏರಿಸುವುದು ಕಷ್ಟ ಅಂತ ಸಿಟಿಯ ಹಣಕಾಸು ಅಧಿಕಾರಿ ಚೀಫ್‌ಗೆ ಇಮೇಲ್ ಬರೆದಿದ್ದರು. ಹಾಗಾಗಿ ಪ್ರಶ್ನೆಯನ್ನು ಅಭ್ಯರ್ಥಿಗೆ ಮಾತ್ರ ಅಲ್ಲ, ಕೌನ್ಸಿಲ್‌ಗೂ ಕೇಳಿ: ನಮ್ಮ ಬಜೆಟ್‌ನಲ್ಲಿ ದಂಡದ ಪಾಲು ಎಷ್ಟು? ಟಿಕೆಟ್ ಸಂಖ್ಯೆ ನೋಡಿ ಚೀಫ್ ಕೆಲಸಕ್ಕೆ ಅಂಕ ಕೊಡುತ್ತೀರಾ? ಎಷ್ಟೇ ಒಳ್ಳೆಯ ಚೀಫ್ ತಂದರೂ ಮೇಲಿನಿಂದ ದುಡ್ಡಿನ ಒತ್ತಡ ಇದ್ದರೆ ರಸ್ತೆಯಲ್ಲಿ ಅದೇ ಕಾಣುತ್ತದೆ.

ಮೂರು ನಿಮಿಷ

ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ ಸಿಗುತ್ತದೆ, ಜನ ಜಾಸ್ತಿ ಇದ್ದರೆ ಎರಡಕ್ಕೆ ಇಳಿಸುತ್ತಾರೆ. ಆದ್ದರಿಂದ ಎರಡು ನಿಮಿಷಕ್ಕೇ ಬರೆದುಕೊಂಡು ಹೋಗಿ. ಬರೆದದ್ದನ್ನು ನೋಡಿ ಓದಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೀಗೆ ಶುರು ಮಾಡಿ: "ನಾನು ಈ ಸಿಟಿಯಲ್ಲಿ ಆರು ವರ್ಷದಿಂದ ಇದ್ದೇನೆ, ಐಟಂ ಏಳರ ಬಗ್ಗೆ ಮಾತಾಡುತ್ತೇನೆ, ಎರಡು ಕೋರಿಕೆ ಇದೆ. ಒಂದು, ಕೊನೆಯ ಸುತ್ತಿನ ಅಭ್ಯರ್ಥಿಗಳನ್ನು ಜನರ ಮುಂದೆ ಕೂರಿಸಿ. ಎರಡು, ಹಿನ್ನೆಲೆ ತನಿಖೆ ಯಾರು ಮಾಡಿದರು, ಏನೇನು ನೋಡಿದರು ಅಂತ ವೋಟಿಗೆ ಮೊದಲು ಬಹಿರಂಗವಾಗಿ ಹೇಳಿ." ಆಮೇಲೆ ಕಾರಣ. ಕಾರಣವನ್ನೇ ಮೊದಲು ಹೇಳಲು ಹೊರಟರೆ ಕೋರಿಕೆ ಹೇಳುವಷ್ಟರಲ್ಲಿ ಸಮಯ ಮುಗಿಯಿತು ಅನ್ನುವ ಕೆಂಪು ದೀಪ ಹತ್ತಿರುತ್ತದೆ.

ನಿಮ್ಮ ಪ್ರಶ್ನೆಗೆ ಅವರು ಅಲ್ಲೇ ಉತ್ತರ ಕೊಡುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅಜೆಂಡಾದಲ್ಲಿ ಇಲ್ಲದ ವಿಷಯ ಆದರೆ ಚರ್ಚಿಸಲು ಅವರಿಗೆ ಕೆಲವು ಕಡೆ ಕಾನೂನೇ ಅಡ್ಡ ಬರುತ್ತದೆ. ಮಾರನೇ ದಿನ ಅದೇ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕಳಿಸಿ. ಸದಸ್ಯರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಬರೆಯಿರಿ. ಐದು ಜನರಿಗೂ ಒಟ್ಟಿಗೆ ಕಳಿಸಿ ಅವರು ಅದರಲ್ಲೇ ಪರಸ್ಪರ ಉತ್ತರಿಸಲು ಶುರು ಮಾಡಿದರೆ, ಅದೇ ಗುಟ್ಟಿನ ಮೀಟಿಂಗ್ ಅನಿಸಿಕೊಂಡು ಕಾನೂನು ತೊಡಕಾಗುತ್ತದೆ. ಒಬ್ಬೊಬ್ಬರನ್ನೇ ಕಾಫಿಗೆ ಕರೆದು ಮಾತಾಡಬಹುದು, ಸಣ್ಣ ಸಿಟಿಯಲ್ಲಿ ಬಹಳ ಜನ ಖುಷಿಯಿಂದಲೇ ಬರುತ್ತಾರೆ.

ಕಾಂಟ್ರ್ಯಾಕ್ಟ್ ಓದದೆ ಬಿಡಬೇಡಿ

ಕ್ಯಾಲಿಫೋರ್ನಿಯಾದ ಬೆಲ್ ಅನ್ನುವ ಸಣ್ಣ, ಬಡ ಸಿಟಿಯಲ್ಲಿ 40,000 ಜನರೂ ಇರಲಿಲ್ಲ. ಅಲ್ಲಿಯ ಪೊಲೀಸ್ ಚೀಫ್‌ಗೆ ವರ್ಷಕ್ಕೆ 4,57,000 ಡಾಲರ್ ಸಂಬಳ ಅಂತ 2010ರಲ್ಲಿ ಬಯಲಾಯಿತು. ಪಕ್ಕದ ಲಾಸ್ ಏಂಜಲೀಸ್ ಮಹಾನಗರದ ಚೀಫ್‌ಗೂ ಅಷ್ಟು ಇರಲಿಲ್ಲ. ಅದಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಿಗಿಯಾಯಿತು. ಈಗ ಇಲಾಖೆ ಮುಖ್ಯಸ್ಥರ ಸಂಬಳವನ್ನು ಅವಸರದ ವಿಶೇಷ ಮೀಟಿಂಗ್‌ನಲ್ಲಿ ಪಾಸ್ ಮಾಡುವ ಹಾಗಿಲ್ಲ. ಮಾಮೂಲಿ ಮೀಟಿಂಗ್‌ನಲ್ಲಿ, ವೋಟಿಗೆ ಮೊದಲು, ಸಂಬಳ ಸವಲತ್ತಿನ ಸಾರಾಂಶವನ್ನು ಬಾಯಿಬಿಟ್ಟು ಹೇಳಬೇಕು.

ಅಜೆಂಡಾ ಜೊತೆಗಿನ ಪ್ಯಾಕೆಟ್‌ನಲ್ಲಿ (ದಾಖಲೆಗಳ ಕಂತೆಯಲ್ಲಿ) ಕಾಂಟ್ರ್ಯಾಕ್ಟ್ ಇರುತ್ತದೆ, ಹುಡುಕಿ ಓದಿ. ಸಂಬಳದ ಅಂಕಿಗಿಂತ ಸೆವೆರೆನ್ಸ್ (ಕೆಲಸದಿಂದ ತೆಗೆದರೆ ಕೊಡುವ ದುಡ್ಡು) ಎಷ್ಟು ತಿಂಗಳದ್ದು, ತಪ್ಪು ಮಾಡಿ ಹೋದರೂ ಅದು ಸಿಗುತ್ತದಾ, ಮೊದಲ ವರ್ಷದ ಕೊನೆಗೆ ಯಾರು ಮೌಲ್ಯಮಾಪನ ಮಾಡುತ್ತಾರೆ ಅನ್ನುವ ಸಾಲುಗಳನ್ನು ನೋಡಿ. ಮೌಲ್ಯಮಾಪನದ ಸಾಲೇ ಇಲ್ಲದಿದ್ದರೆ ಅದನ್ನೇ ನಿಮ್ಮ ಮೂರು ನಿಮಿಷದಲ್ಲಿ ಕೇಳಿ. ಬಲಪ್ರಯೋಗ, ದೂರುಗಳು, ಸ್ಟಾಪ್‌ಗಳ (ಪೊಲೀಸರು ಜನರನ್ನು, ಕಾರುಗಳನ್ನು ನಿಲ್ಲಿಸಿದ್ದರ) ಲೆಕ್ಕವನ್ನು ಚೀಫ್ ಆರು ತಿಂಗಳಿಗೊಮ್ಮೆ ಕೌನ್ಸಿಲ್ ಮುಂದೆ ಇಡಬೇಕು ಅನ್ನುವ ಷರತ್ತನ್ನೂ ಅದೇ ಕಾಂಟ್ರ್ಯಾಕ್ಟ್‌ಗೆ ಸೇರಿಸಿ ಅಂತ ಒತ್ತಾಯಿಸಿ. ಸಹಿ ಬೀಳುವ ಮೊದಲು ಸೇರಿಸುವುದು ಸುಲಭ. ಸೇರಿಸಿದರೆ ಮೊದಲ ವರದಿಯ ದಿನಾಂಕವನ್ನು ಈಗಲೇ ನಿಮ್ಮ ಫೋನ್ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ, ಪಕ್ಕದ ಮನೆಯವರಿಗೂ ಹೇಳಿ.