ತೊಳೆದ ಬಲೆ

ಕಾರವಾರದ ನಮ್ಮ ಚರ್ಚಿನಲ್ಲಿ ನಾನು ಉಪದೇಶಿ, ಅಂದರೆ ಧರ್ಮಪಾಠ ಕಲಿಸುವವಳು. ಭಾನುವಾರದ ಪೂಜೆಯಲ್ಲಿ ಶ್ರೀಗ್ರಂಥ ಓದುವ ವಾಚಕರನ್ನು, ಕೇರಿಯ ಪ್ರಾರ್ಥನಾಕೂಟ ನಡೆಸುವವರನ್ನು ತಯಾರು ಮಾಡಿ ಎಂದು ಫಾದರ್ ಹೇಳಿದಾಗ ನಾನು ಮೊದಲು ಕೂತು ನೋಟ್ಸ್ ಬರೆದೆ. ಎಂಟು ಭಾನುವಾರ ಬಲಿಪೂಜೆಯ ನಂತರ ಪಾಠ: ಎರಡನೇ ವ್ಯಾಟಿಕನ್ ಮಹಾಸಭೆ, ಏಳು ಸಂಸ್ಕಾರಗಳು, ಶ್ರೀಗ್ರಂಥದ ಪುಸ್ತಕಗಳ ಹೆಸರು. ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು. ಕೊನೆಗೆ, "ಬರುವ ಬುಧವಾರ ಕೂಟ ಯಾರು ನಡೆಸುತ್ತೀರಿ?" ಅಂದೆ. ಒಂದು ಕೈಯೂ ಮೇಲೇಳಲಿಲ್ಲ.

ಅವರ ತಪ್ಪಲ್ಲ. ಮನೆಯಲ್ಲಿ ಕೊಂಕಣಿಯಲ್ಲಿ ಜಪ, ಶಾಲೆಯಲ್ಲಿ ಕಲಿತದ್ದು ಕನ್ನಡ. ಎರಡರಲ್ಲೂ ನಾಲ್ಕು ಜನರೆದುರು ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಯಾರೂ ಅವರಿಗೆ ಅವಕಾಶ ಕೊಟ್ಟಿರಲಿಲ್ಲ.

ಮರುವರ್ಷ ಪಾಠಕ್ಕೆ ಮಳೆಗಾಲವನ್ನೇ ಆರಿಸಿಕೊಂಡೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಅವು ಸಾಲಾಗಿ ನಿಂತಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಬಲೆ ಹೆಣೆಯುವ ಜಗಲಿಯಲ್ಲೇ ಸಂಜೆ ಕೂತು ಲೂಕನ ಶುಭಸಂದೇಶದ 5ನೇ ಅಧ್ಯಾಯ ಓದಿದೆವು; ಮತ್ತೆ ಬಲೆ ಇಳಿಸು ಎಂದು ಯೇಸು ಮೀನುಗಾರ ಪೇತ್ರನಿಗೆ ಹೇಳುವ ಭಾಗ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರೊಬ್ಬರು, ಬೆರಳಿಗೆ ಸುತ್ತಿದ ನೂಲು ಬಿಡದೆಯೇ, "ತಡೀರಿ ಅಕ್ಕೋರೆ" ಅಂದರು. "ರಾತ್ರಿಯೆಲ್ಲ ಒಂದು ಮೀನಿಲ್ಲ. ಬಲೆ ತೊಳೀತಾ ಇದ್ದಾರೆ. ತೊಳೆದ ಬಲೆ ಮತ್ತೆ ಇಳಿಸಿದರೆ ಮತ್ತೆ ತೊಳೀಬೇಕು, ಮತ್ತೆ ಒಣಗಿಸಬೇಕು. ಮೈಯಲ್ಲಿ ಕಸುವಿರೋದಿಲ್ಲ. ಆ ಹೊತ್ತಲ್ಲಿ ಪೇತ್ರ ಹೂಂ ಅಂದಿದ್ದಾನೆ."

ಎಷ್ಟೋ ವರ್ಷ ಆ ಭಾಗ ಕಲಿಸಿದ್ದೇನೆ. ಬಲೆ ತೊಳೆಯುವ ಮಾತಿನ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ. ಮುಂದಿನ ಬುಧವಾರ ಕೂಟ ನಡೆಸಿದ್ದು ಅವರೇ.

ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದರು. ನಾನೂ ಹಾಗೇ ಮಾಡಿದೆ. ಮೊದಲ ಸಲ ನನ್ನ ಜೊತೆ ಬಂದು ನೋಡುವುದು. ಎರಡನೇ ಸಲ ವಾಚನ ಮಾತ್ರ. ಮೂರನೇ ಸಲ ಪೂರ್ತಿ ಅವರದೇ, ನಾನು ಹಿಂದೆ. ಮನೆಗೆ ಮರಳುವ ದಾರಿಯಲ್ಲಿ ಮಾತು. ಸಾವಿನ ಮನೆಗೆ ಹೋಗುವಾಗ ಮಾತ್ರ ಖಡಾಖಂಡಿತ: ಉಪದೇಶ ಬೇಡ. ಹೋಗಿ ಕೂರಬೇಕು, ಮನೆಯವರು ಮಾತಾಡಿದರೆ ಕೇಳಬೇಕು, 23ನೇ ಕೀರ್ತನೆ ನಿಧಾನ ಓದಬೇಕು, ಸಾಕು.

ಅಂಥ ಒಂದು ಮನೆಯಲ್ಲೇ ನಾನು ಎಡವಿದ್ದು. ಮೀನು ಮಾರುವ ಮನೆಯ ಹೆಣ್ಣುಮಗಳೊಬ್ಬಳು ಪ್ರಾರ್ಥನೆ ಶುರು ಮಾಡಿ ನಡುವೆ ತಡವರಿಸಿದಳು. ಐದಾರು ಸೆಕೆಂಡು ಇರಬಹುದು. ನನಗೆ ತಡೆಯಲಾಗಲಿಲ್ಲ, ಉಳಿದದ್ದನ್ನು ನಾನೇ ಹೇಳಿ ಮುಗಿಸಿದೆ. ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಮೂರು ವಾರ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. "ನನಗೆ ಮಾತು ಮರೆತಿರಲಿಲ್ಲ ಅಕ್ಕೋರೆ, ಆ ಅಮ್ಮ ಅಳ್ತಾ ಇದ್ರು, ಮುಗೀಲಿ ಅಂತ ಕಾಯ್ತಾ ಇದ್ದೆ" ಅಂದಳು.

ಅಂದಿನಿಂದ ಯಾರು ನಡುವೆ ಮಾತು ನಿಲ್ಲಿಸಿದರೂ ಮನಸ್ಸಿನಲ್ಲೇ ಮೂರು ಸಲ ನಮೋ ಮರಿಯಾ ಜಪ ಹೇಳಿಕೊಂಡು ಸುಮ್ಮನಿರುತ್ತೇನೆ. ಅಷ್ಟರಲ್ಲಿ ಅವರೇ ಮುಂದುವರಿಸುತ್ತಾರೆ.

2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕ ಸೇವಾದೀಕ್ಷೆಯನ್ನು ಸ್ತ್ರೀಯರಿಗೂ ತೆರೆದರು, ಉಪದೇಶಿಯ ಸೇವೆಗೂ ಅಧಿಕೃತ ಸ್ಥಾನ ಕೊಟ್ಟರು. ಆ ಹೆಣ್ಣುಮಗಳಿಗೆ ಅದನ್ನು ಓದಿ ಹೇಳಿದೆ. ಅವಳು ಕೇಳಿದ್ದು ಬೇರೆ: "ಹೊಸ ಹುಡುಗನೊಬ್ಬನಿದ್ದಾನೆ, ಈ ಸಲ ನಾನೇ ಕರ್ಕೊಂಡು ಹೋಗ್ಲಾ?" ಹೋದಳು. ಆ ಸಂಜೆ ಜೋರು ಮಳೆ. ಕೂಟ ಮುಗಿಯುವ ಹೊತ್ತಿನವರೆಗೂ ನಾನು ಮನೆಯಲ್ಲಿ ಜಪಸರ ಹಿಡಿದು ಕೂತಿದ್ದೆ.