ಮನೆ ಹಿಂದೆ ಎಣ್ಣೆ ಬಾವಿ ಬರುತ್ತೆ ಅಂದಾಗ ನಾನು ಮಾಡಿದ್ದು

ಅದು ಯಾವುದೋ ಕ್ರೆಡಿಟ್ ಕಾರ್ಡಿನ ಜಾಹೀರಾತು ಅಂದುಕೊಂಡು ಲಕೋಟೆಯನ್ನ ಹರಿದು ಬಿಸಾಕುವವನಿದ್ದೆ. ಒಳಗೆ ಒಂದು ನಕ್ಷೆ ಇತ್ತು. ನಮ್ಮ ಬೀದಿ, ಅದರ ಹಿಂದಿನ ಗೋಧಿ ಹೊಲ, ಹೊಲದ ಮೂಲೆಯಲ್ಲಿ ಒಂದು ಕೆಂಪು ಚೌಕ. ಆ ಚೌಕದಲ್ಲಿ 18 ಬಾವಿ ಕೊರೆಯುತ್ತಾರಂತೆ. ನೀರಿಗಲ್ಲ, ಎಣ್ಣೆಗೆ, ಗ್ಯಾಸ್‌ಗೆ. ಅಲ್ಲಿಂದ ನಮ್ಮ ಅಡುಗೆಮನೆ ಕಿಟಕಿಗೆ ಸುಮಾರು 1,400 ಅಡಿ.

ನಾವಿರುವುದು ಅಮೆರಿಕದ ಕೊಲರಾಡೊದಲ್ಲಿ. ಡೆನ್ವರ್‌ನಿಂದ ಉತ್ತರಕ್ಕೆ, ವೆಲ್ಡ್ ಕೌಂಟಿ ಅಂಚಿನ ಸಣ್ಣ ಊರು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಇಡೀ ಕೊಲರಾಡೊದ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇದೊಂದೇ ಕೌಂಟಿಯಲ್ಲಿ ಸಿಗುತ್ತದೆ. ಮನೆ ಕೊಳ್ಳುವಾಗ ಇದು ಗೊತ್ತಿರಲಿಲ್ವಾ ಅಂತ ಕೇಳಬೇಡಿ. ಶಾಲೆ ನೋಡಿದ್ದೆವು. ಇಂಡಿಯನ್ ಅಂಗಡಿ ಎಷ್ಟು ದೂರ ಅಂತಲೂ ನೋಡಿದ್ದೆವು. ನೆಲದ ಕೆಳಗೇನಿದೆ ಅಂತ ಯಾರು ನೋಡ್ತಾರೆ?

ನೋಡಬೇಕಿತ್ತು. ಹಾಸನದ ಕಡೆ ನಮ್ಮಪ್ಪ ಒಂದು ಎಕರೆ ಕೊಳ್ಳಬೇಕಾದರೂ ಹತ್ತು ಸಲ ಪಹಣಿ ತೆಗೆಸುತ್ತಿದ್ದರು. ಇಲ್ಲಿ ಒಂದೇ ನೆಲಕ್ಕೆ ಇಬ್ಬರು ಒಡೆಯರಿರಬಹುದು. ಮೇಲಿನ ಮಣ್ಣು ಒಬ್ಬರದು, ಕೆಳಗಿನ ಖನಿಜ ಇನ್ನೊಬ್ಬರದು. ಯಾವತ್ತೋ ಜಮೀನು ಮಾರಿದವರು ಖನಿಜದ ಹಕ್ಕು ಮಾತ್ರ ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ನನ್ನ ಕ್ರಯಪತ್ರದಲ್ಲೂ ಆ ಮಾತು ಒಂದೂವರೆ ಸಾಲಿನಲ್ಲಿ ಇತ್ತು. ಓದದೆ ಸಹಿ ಹಾಕಿದ್ದೆ.

ಊರಿನ ಟೌನ್ ಹಾಲ್‌ನಲ್ಲಿ ಮೊದಲ ಸಭೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಭೂಮಿ ಬಿಸಿಯಾಗುತ್ತಿರುವುದು, ಮಕ್ಕಳ ಭವಿಷ್ಯ, ಕಂಪನಿಗಳ ದುರಾಸೆ ಎಲ್ಲವನ್ನೂ ಆ ಮೂರು ನಿಮಿಷಕ್ಕೆ ತುರುಕಿದೆ. ಚಪ್ಪಾಳೆಯೂ ಬಿತ್ತು. ಅಧ್ಯಕ್ಷೆ ಮೆಲ್ಲಗೆ ಹೇಳಿದರು: "ಥ್ಯಾಂಕ್ಯೂ. ಆದರೆ ಇದ್ಯಾವುದೂ ಇವತ್ತು ನಮ್ಮ ಮುಂದಿರುವ ಪ್ರಶ್ನೆ ಅಲ್ಲ." ಕಿವಿ ಬಿಸಿಯಾಯಿತು.

ಹೊರಗೆ ಪಾರ್ಕಿಂಗ್‌ನಲ್ಲಿ ಪಕ್ಕದ ಬೀದಿಯ ನಿವೃತ್ತ ಟೀಚರಮ್ಮ ಸಿಕ್ಕರು. ಇಂಥ ಸಭೆಗಳಲ್ಲಿ ಪಳಗಿದವರು. ಲಾಂಗ್‌ಮಾಂಟ್ ಕಥೆ ಗೊತ್ತಾ ಅಂತ ಕೇಳಿದರು. ನಮ್ಮೂರಿಗೆ ಹತ್ತಿರದ ಪಟ್ಟಣ ಅದು. ಫ್ರಾಕಿಂಗ್, ಅಂದರೆ ನೀರು, ಮರಳು, ರಾಸಾಯನಿಕವನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳಿ ಎಣ್ಣೆ ತೆಗೆಯುವುದು, ಬೇಡ ಅಂತ 2012ರಲ್ಲಿ ಅಲ್ಲಿನ ಜನ ವೋಟು ಹಾಕಿ ನಿಷೇಧ ತಂದರು. ಮುಂದಿನ ವರ್ಷ ಫೋರ್ಟ್ ಕಾಲಿನ್ಸ್‌ನವರು ಐದು ವರ್ಷದ ತಡೆ ಹಾಕಿದರು. 2016ರ ಮೇನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎರಡನ್ನೂ ಒಂದೇ ದಿನ ಹೊಡೆದುಹಾಕಿತು. ರಾಜ್ಯದ ಕಾನೂನಿಗೆ ಊರಿನ ಕಾನೂನು ಅಡ್ಡ ಬರುವಂತಿಲ್ಲ ಅಂತ. "ಬೇಡ ಅನ್ನೋರು ಸೋತರು. ಎಲ್ಲಿ, ಹೇಗೆ ಅಂತ ಕೇಳೋರಿಗೆ ಮಾತ್ರ ಈಗ ಬಾಗಿಲು ತೆರೆದಿದೆ" ಅಂದರು.

ಆ ಬಾಗಿಲು ತೆರೆದದ್ದು 2019ರ ಏಪ್ರಿಲ್‌ನಲ್ಲಿ. ಗವರ್ನರ್ ಜ್ಯಾರೆಡ್ ಪೋಲಿಸ್ ಸಹಿ ಹಾಕಿದ ಸೆನೆಟ್ ಬಿಲ್ 181 ಅನ್ನುವ ರಾಜ್ಯದ ಕಾನೂನಿನಿಂದ. ಬಾವಿ ಎಲ್ಲಿ ಇರಬೇಕು, ಸದ್ದು ಎಷ್ಟಿರಬೇಕು, ಲಾರಿ ಯಾವ ರಸ್ತೆಯಲ್ಲಿ ಹೋಗಬೇಕು ಅನ್ನುವುದರಲ್ಲಿ ಊರು, ಕೌಂಟಿಗಳಿಗೆ ಅಧಿಕಾರ ಬಂತು. ಅದರ ಹಿಂದಿನ ವರ್ಷವಷ್ಟೇ, ಮನೆಗಳಿಂದ 2,500 ಅಡಿ ದೂರ ಕಡ್ಡಾಯ ಮಾಡುವ ಪ್ರಸ್ತಾಪ ರಾಜ್ಯದ ಮತದಾನದಲ್ಲಿ ಬಿದ್ದುಹೋಗಿತ್ತು. ಆಮೇಲೆ ಎಣ್ಣೆ, ಗ್ಯಾಸ್ ಬಾವಿಗಳನ್ನು ನೋಡಿಕೊಳ್ಳುವ ರಾಜ್ಯದ ಆಯೋಗವೇ 2,000 ಅಡಿಯ ನಿಯಮ ತಂದಿತು. 2021ರ ಜನವರಿಯಿಂದ ಜಾರಿ.

ಹಾಗಾದರೆ 1,400 ಅಡಿ ಹೇಗೆ? ನಿಯಮದಲ್ಲಿ ಕಿಂಡಿಗಳಿವೆ. 2,000 ಅಡಿಯೊಳಗಿನ ಮನೆಗಳ ಮಾಲೀಕರು, ಬಾಡಿಗೆದಾರರು ಎಲ್ಲ ಒಪ್ಪಿದರೆ ಆಗುತ್ತದೆ. ದೂರದಿಂದ ಸಿಗುವಷ್ಟೇ ರಕ್ಷಣೆ ಬೇರೆ ಉಪಾಯಗಳಿಂದ ಸಿಗುತ್ತದೆ ಅಂತ ಆಯೋಗಕ್ಕೆ ಮನದಟ್ಟು ಮಾಡಿದರೂ ಆಗುತ್ತದೆ. ಕಂಪನಿ ಎರಡನೆಯದನ್ನು ಹಿಡಿದಿತ್ತು. ಆದರೆ ಹಾಗೆ ಒಳಗೆ ಬರುವವರು, ಬೇರೆ ಯಾವ ಜಾಗಗಳನ್ನು ನೋಡಿದೆವು, ಅವು ಯಾಕೆ ಆಗಲಿಲ್ಲ ಅಂತ ಬರೆದು ಕೊಡಬೇಕು. ಆ ಕಡತ ಸಾರ್ವಜನಿಕ. ನಾನು ಎರಡು ವಾರಾಂತ್ಯ ಕೂತು ಓದಿದೆ. ಹೆಂಡತಿಗೆ ಈಗಲೂ ಆ ಸಿಟ್ಟಿದೆ.

ಕಡತದಲ್ಲಿ ಎರಡು ವಿಷಯ ಸಿಕ್ಕವು. ಒಂದು, ಬಾವಿಗಳು ನೆಟ್ಟಗೆ ಕೆಳಗಿಳಿದು ಆಮೇಲೆ ಅಡ್ಡಕ್ಕೆ ತಿರುಗಿ ಎರಡು ಮೈಲಿ ಹೋಗುತ್ತವೆ. ಇನ್ನೊಂದು, ಹೊಲದ ಪೂರ್ವದ ತುದಿ ಯಾಕೆ ಬೇಡ ಅನ್ನುವುದಕ್ಕೆ ಒಂದೇ ಕಾರಣ ಕೊಟ್ಟಿದ್ದರು: ಲಾರಿಗೆ ಹೊಸ ದಾರಿ ಮಾಡಬೇಕು. ಅಷ್ಟೆ.

ಇನ್ನು ಸದ್ದು. ಅಮ್ಮ ಆ ವರ್ಷ ಬಂದಿದ್ದರು. ನಮ್ಮ ಮನೆಯಿಂದ ಮುಕ್ಕಾಲು ಮೈಲಿ ದೂರದಲ್ಲಿ ಬೇರೊಂದು ಕಡೆ ಆಗಲೇ ಕೊರೆಯುತ್ತಿದ್ದರು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ರಾತ್ರಿಯೆಲ್ಲಾ ಯಾರೋ ಅಕ್ಕಿ ಗಿರಣಿ ಓಡಿಸ್ತಾರಲ್ಲೋ" ಅಂದರು. ನನಗೆ ಕೇಳಿಸಿರಲಿಲ್ಲ. ಆ ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದೆ. ಕಿವಿಗಲ್ಲ, ಎದೆಗೆ ಕೇಳಿಸಿತು. ಶೋಕೇಸಿನಲ್ಲಿ ಒಂದರೊಳಗೊಂದು ಇಟ್ಟಿದ್ದ ಸ್ಟೀಲ್ ಲೋಟಗಳು ಜುಯ್ ಅಂತ ಸಣ್ಣಗೆ ನಡುಗುತ್ತಿದ್ದವು.

ಒಂದು ಸೌಂಡ್ ಮೀಟರ್ ತಂದೆ. ಅದರಲ್ಲಿ ಎ ಮತ್ತು ಸಿ ಅಂತ ಎರಡು ಅಳತೆ. ಎ ನಮ್ಮ ಕಿವಿಯ ಹಾಗೆ, ಗುಡುಗುಡು ಅನ್ನುವ ತಗ್ಗಿನ ಸದ್ದನ್ನು ಕಡಿಮೆ ಲೆಕ್ಕ ಹಾಕುತ್ತದೆ. ಸಿ ಅದನ್ನು ಹೆಚ್ಚುಕಡಿಮೆ ಇದ್ದಂತೆಯೇ ತೋರಿಸುತ್ತದೆ. ಎ ಅಳತೆಯಲ್ಲಿ ಎಲ್ಲ ನೆಮ್ಮದಿ. ಸಿ ಒತ್ತಿದರೆ ಅಂಕಿ ದಡದಡ ಮೇಲೇರಿತು. ಹನ್ನೊಂದು ರಾತ್ರಿ ದಿನಾಂಕ, ಗಂಟೆ, ಗಾಳಿ ಬರೆದಿಟ್ಟೆ. ಫೋನ್ ಆ್ಯಪ್ ನಂಬಬೇಡಿ, ಸಭೆಯಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ದೂರು ಕೊಡಲು ರಾಜ್ಯ ಆಯೋಗದ್ದು 18ನೇ ನಂಬರಿನ ಫಾರ್ಮ್ ಇದೆ. ಅದನ್ನೂ ತುಂಬಿದೆ. ಟೌನ್ ಹಾಲ್‌ಗೆ ಫೋನ್ ಮಾಡಿ ಕೂಗಾಡಿದ್ದು ದಾಖಲೆ ಆಗುವುದಿಲ್ಲ, ಇದು ಆಗುತ್ತದೆ.

ಎರಡನೇ ಸಭೆಯಲ್ಲಿ ಏಳು ಮನೆಯವರು ಮಾತು ಹಂಚಿಕೊಂಡೆವು. ಒಬ್ಬರು ಲಾರಿ ಬಗ್ಗೆ: ಶಾಲಾ ಬಸ್ಸಿನ ಹೊತ್ತಿನಲ್ಲಿ ಬೇಡ. ಒಬ್ಬರು ಎಣ್ಣೆ ಟ್ಯಾಂಕ್ ಬಗ್ಗೆ: ಪೈಪ್‌ಲೈನ್ ಹಾಕಿದರೆ ಅಷ್ಟು ಲಾರಿಯೇ ಬೇಕಾಗಿಲ್ಲ. ಒಬ್ಬರು ರಿಗ್, ಅಂದರೆ ಕೊರೆಯುವ ಯಂತ್ರದ ಬಗ್ಗೆ: ಡೀಸೆಲ್ ಬದಲು ಕರೆಂಟಿನಲ್ಲಿ ಓಡಿಸಲಿ. ನಾನು ನನ್ನ ಸಿ ಅಂಕಿಗಳನ್ನು ಇಟ್ಟು, ಎ ಜೊತೆ ಇದಕ್ಕೂ ಒಂದು ಮಿತಿ ಬರೆಯಿರಿ ಅಂದೆ. ಕೊನೆಗೆ ಇಪ್ಪತ್ತು ಸೆಕೆಂಡು ಉಳಿದಿತ್ತು. "ಭೂಮಿಯೊಳಗೆ ಎರಡು ಮೈಲಿ ಅಡ್ಡ ಹೋಗುವವರಿಗೆ ಮೇಲೆ ಅರ್ಧ ಮೈಲಿ ಸರಿಯೋದು ಕಷ್ಟವಾ?" ಈ ಸಲ ಚಪ್ಪಾಳೆ ಬೀಳಲಿಲ್ಲ. ಅಧ್ಯಕ್ಷೆ ತಲೆಬಗ್ಗಿಸಿ ಬರೆದುಕೊಂಡರು.

ಕಂಪನಿ ಪೂರ್ವಕ್ಕೆ ಸರಿಯಿತು. ಪೂರ್ತಿ ಗೆಲುವು ಅಂತ ಹೇಳಲಾರೆ. ಹೊಸ ಜಾಗಕ್ಕೆ ಒಂದು ತೋಟದ ಮನೆ ಹತ್ತಿರ. ಹೊಲದ ಒಡೆಯನದೇ, ಅವನು ಒಪ್ಪಿಗೆ ಬರೆದುಕೊಟ್ಟ. ಅಲ್ಲಿ ಬಾಡಿಗೆಗಿದ್ದ ದಂಪತಿಯೂ ಸಹಿ ಹಾಕಿದರು. ಮನಸ್ಸಿನಿಂದ ಹಾಕಿದರೋ, ಮನೆ ಬಿಡಬೇಕಾದೀತು ಅಂತ ಹಾಕಿದರೋ, ನಾನು ಕೇಳಲಿಲ್ಲ. ಕೇಳಬೇಕಿತ್ತು. ಸದ್ದಿನ ಗೋಡೆ, ಲಾರಿ ಸಮಯ, ಕರೆಂಟ್ ರಿಗ್ ಷರತ್ತಾಗಿ ಬಂದವು. ಪೈಪ್‌ಲೈನ್ ಬರಲಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. 2,000 ಅಡಿ ಅನ್ನುವುದು ಮನೆಯ ಹತ್ತಿರ ಬರುವ ಹೊಸ ಬಾವಿಗೆ. ಬಾವಿಯ ಹತ್ತಿರ ಬರುವ ಹೊಸ ಮನೆಗೆ ಅದು ಅನ್ವಯಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಊರು. 2017ರ ಏಪ್ರಿಲ್ 17ರಂದು ಇದೇ ಕೌಂಟಿಯ ಫೈರ್‌ಸ್ಟೋನ್‌ನಲ್ಲಿ ಒಂದು ಮನೆ ಸ್ಫೋಟಗೊಂಡು ಇಬ್ಬರು ಸತ್ತರು. ಬಾವಿ 1993ರದು. ಮನೆ ಆಮೇಲೆ ಬಂದದ್ದು, ಇನ್ನೂರು ಅಡಿಯೊಳಗೆ. ಕೈಬಿಟ್ಟ ಒಂದಿಂಚಿನ ಪೈಪು ಮನೆ ಪಕ್ಕದಲ್ಲೇ ತುಂಡಾಗಿತ್ತು, ಆದರೆ ಬಾವಿಯ ಜೊತೆ ಸಂಬಂಧ ಕಡಿದಿರಲಿಲ್ಲ. ಗ್ಯಾಸ್ ಮಣ್ಣಿನೊಳಗಿಂದ ನೆಲಮಾಳಿಗೆಗೆ ನುಗ್ಗಿತ್ತು.

ಹೋದ ತಿಂಗಳು ಮತ್ತೊಂದು ಲಕೋಟೆ ಬಂತು. ಈ ಸಲ ಬಿಲ್ಡರ್‌ನದು. ಪೂರ್ವದ ತುದಿಯಲ್ಲಿ, ಆ 18 ಬಾವಿಗಳ ಪಕ್ಕದಲ್ಲೇ, ಹೊಸ ಲೇಔಟ್. 62 ಮನೆ. ನಕ್ಷೆಯಲ್ಲಿ ಬಾವಿಗಳನ್ನು ತಿಳಿ ಹಸಿರು ಬಣ್ಣದಲ್ಲಿ ತೋರಿಸಿದ್ದಾರೆ, ಪಾರ್ಕಿನ ಹಾಗೆ. ಸಭೆ ಬರುವ ಮಂಗಳವಾರ ಸಂಜೆ ಆರೂವರೆಗೆ. ಟೀಚರಮ್ಮ ಆಗಲೇ ಫೋನ್ ಮಾಡಿ, ನೀನು ಪೈಪುಗಳ ನಕ್ಷೆ ನೋಡಿಕೋ, ನಾನು ದೂರ ಅಳೀತೀನಿ ಅಂದಿದ್ದಾರೆ.